ಅಜ್ಜನ ಬಾಯಲ್ಲಿ ನೆಂದ ಪೀಪಿ

ಹರಿಹರದ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದವರು ಎಲೆಅಡಿಕೆಗೆ ತಂಬಾಕಿನ ಕಡ್ಡಿಪುಡಿ ಸೇರಿಸಿ ಬಾಯಿಗೆ ಹಾಕಿಕೊಂಡರೆ ಇವತ್ತಿಗೂ ನಾನು ಎದ್ದು ದೂರ ಹೋಗಿ ನಿಲ್ಲುತ್ತೇನೆ.

ದಾವಣಗೆರೆಯ ಮಂಡಿಪೇಟೆಯ ಮದುವೆಗಳಲ್ಲಿ ನಲವತ್ತು ವರ್ಷ ಶಹನಾಯಿ ನುಡಿಸಿದ ನಮ್ಮಜ್ಜನಿಗೆ ಹಲ್ಲೆಲ್ಲ ಬಿದ್ದು, ಊದಿದ ಉಸಿರು ತುಟಿಯ ಅಂಚಿನಲ್ಲೇ ಸೋರಿಹೋಗುತ್ತಿತ್ತು. ಅವರಪ್ಪನ ಕಾಲದ ಆ ಶಹನಾಯಿಯನ್ನು ನನಗೇ ಕೊಡಬೇಕೆಂದು ಅವರ ಆಸೆ. ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡು, ಅದರ ತುದಿಯ, ನೆನೆಯದಿದ್ದರೆ ನುಡಿಯದ ಗರಿಯ ಪೀಪಿಯನ್ನು ತಮ್ಮ ಬಾಯಲ್ಲಿ ಚೀಪಿ ನೆನೆಸಿ ನನ್ನತ್ತ ಚಾಚಿದರು. ಕಂದುಗಟ್ಟಿದ ಗರಿ, ಅದರಿಂದ ಎಳೆಯಾಗಿ ಇಳಿಯುವ ಕೆಂಪು ಜೊಲ್ಲು, ಕಡ್ಡಿಪುಡಿಯ ಗಬ್ಬು ನಾತ.

“ಒಣಗೋದ್ರೊಳಗೆ ಬಾಯಿಗಿಡವ್ವ. ನಮ್ಮಪ್ಪ ನಂಗೂ ಹಿಂಗೇ ಕೊಟ್ಟಿದ್ದು.”

ನಾನು ಅದನ್ನು ಲಂಗಕ್ಕೆ ಒರೆಸಿದೆ. ಸಾಲದೆಂದು ಮತ್ತೊಮ್ಮೆ ಒರೆಸಿದೆ. ಆದರೂ ತುಟಿಗೆ ತಾಗಿದ್ದೇ ವಾಕರಿಕೆ ಬಂತು. “ಥೂ!” ಎಂದು ಅವರೆದುರೇ ಉಗಿದುಬಿಟ್ಟೆ.

“ಹೇಸಿಗಿ ಅನ್ಸಿದ್ರೆ ಬ್ಯಾಡ ಬಿಡವ್ವ,” ಎಂದರು ಅಜ್ಜ. ಹೆಗಲ ಟವೆಲಿನಿಂದ ತಮ್ಮ ಬಾಯಿ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು.

ಮರುವಾರ ಹರಿಹರದಿಂದ ತಮ್ಮ ಹಳೆಯ ಶಿಷ್ಯನನ್ನು ಕರೆಸಿದರು. ಅವನು ಶಹನಾಯಿಗೆ ಎರಡೂ ಕೈ ಚಾಚಿ ಕೂತ. ಅಜ್ಜ ಪೀಪಿಯನ್ನು ಬಾಯಲ್ಲಿ ನೆನೆಸಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು, ಗಡಿಬಿಡಿಯಿಂದ ಟವೆಲಿಗೆ ತಿಕ್ಕತೊಡಗಿದರು.

“ಒರೆಸಬ್ಯಾಡ್ರಿ ಗುರುಗಳೇ, ಹಂಗೇ ಕೊಡ್ರಿ,” ಎಂದ ಅವನು.

ಅಜ್ಜ ಒರೆಸುತ್ತಲೇ ಇದ್ದರು.