ಮಡಿಸಿಟ್ಟ ಪಾಲು

"ತೀರಿಕೊಂಡ ನನ್ನ ಹೆಂಡತಿ ಒಬ್ಬಳೇ ಕಾಣಬೇಕು, ಪಕ್ಕದಲ್ಲಿರೋನನ್ನ ಕತ್ತರಿಸಿ ಅಂದಿದ್ದೆ," ಎಂದು ವಿಧುರನು ಚೌಕಟ್ಟನ್ನು ಬೆಳಕಿಗೆ ಹಿಡಿದನು. ಇದೇ ಚೌಕಟ್ಟಿನಂಗಡಿಯ ಕೆಲಸಗಾರರ ಆ ಚಿತ್ರದಲ್ಲಿ, ಇಲ್ಲಿ ಗಾಜು ಒರೆಸುವ ಕೆಲಸಕ್ಕಿದ್ದ ಆಕೆಯ ಪಕ್ಕದಲ್ಲಿ ನಿಂತಿದ್ದವನು ಚೌಕಟ್ಟು ಕಟ್ಟುವ ಈತನೇ.

"ಹಾಗೇ ಮಾಡಿದ್ದೀನಿ, ಅಣ್ಣಾ."

ಆದರೆ ಅವಳ ಭುಜದ ಮೇಲಿದ್ದ ತನ್ನ ಬೆರಳುಗಳ ಬಳಿಗೆ ಬಂದಾಗ ಅವನ ಕತ್ತರಿ ನಿಂತುಹೋಗಿತ್ತು. ತನ್ನ ಪಾಲಿನ ಚಿತ್ರವನ್ನು ಹಿಂದಕ್ಕೆ ಮಡಿಸಿ, ರಟ್ಟಿನ ಅಂಚಿನಡಿಯಲ್ಲಿ ಅಡಗಿಸಿ, ಮೊಳೆ ಹೊಡೆದಿದ್ದನು. ಏಳು ವರ್ಷ ಅವರ ಒಲವೂ ಹೀಗೆಯೇ ಮರೆಯಲ್ಲಿ ಬಾಳಿತ್ತು.

"ಹಾಗಾದ್ರೆ ಕತ್ತರಿಸಿದ ತುಂಡು ಕೊಡಿ. ಮನೆಗೆ ಹೋಗಿ ಸುಡಬೇಕು." ವಿಧುರನ ದನಿ ಏರಲಿಲ್ಲ.

ಈತನು ಚೌಕಟ್ಟನ್ನು ಬೋರಲು ಹಾಕಿ, ಮೊಳೆಗಳನ್ನು ಒಂದೊಂದಾಗಿ ಕಿತ್ತನು. ಮಡಿಕೆ ಬಿಚ್ಚಿಕೊಂಡಾಗ, ವಿಧುರನೇ ಕತ್ತರಿಯನ್ನು ಎತ್ತಿ ಅವನ ಕೈಗಿತ್ತನು.