ಫೋಟೋ ತರಲು ಹೋದವಳು

ಬಾಗಿಲು ತೆರೆದ ಹೆಂಗಸಿನ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಯಾರು ಬೇಕಿತ್ತೆಂದು ಮರಾಠಿಯಲ್ಲಿ ಕೇಳಿ ನಕ್ಕಳು. ಆ ನಗು ನೋಡಿದ ಕೂಡಲೇ ಶೀತಲ್‌ಗೆ ಗೊತ್ತಾಯಿತು, ಮಗ ಸತ್ತ ಸುದ್ದಿ ಈ ತಾಯಿಗೆ ಇನ್ನೂ ತಲುಪಿಲ್ಲ.

ಶೀತಲ್ ಪತ್ರಿಕೋದ್ಯಮದ ಎರಡನೇ ವರ್ಷದ ವಿದ್ಯಾರ್ಥಿನಿ. ಪಿಂಪರಿಯ ಮರಾಠಿ ದೈನಿಕವೊಂದಕ್ಕೆ ಇಂಟರ್ನ್ ಆಗಿ ಸೇರಿ ಮೂರು ವಾರವಾಗಿತ್ತು. ಅದುವರೆಗೆ ಸಂಘ ಸಂಸ್ಥೆಗಳ ಪ್ರಕಟಣೆ ಟೈಪ್ ಮಾಡಿದ್ದಷ್ಟೇ ಕೆಲಸ. ಆ ದಿನ ಹತ್ತು ಗಂಟೆಗೆ ಹಿರಿಯ ವರದಿಗಾರ ಸ್ವಪ್ನಿಲ್ ಅವಳ ಕೈಗೆ ವಿಳಾಸದ ಚೀಟಿ ಕೊಟ್ಟಿದ್ದ. "ಚಾಕಣದ ಕಾರ್ಖಾನೆಯೊಂದರಲ್ಲಿ ಯಂತ್ರಕ್ಕೆ ಸಿಕ್ಕಿ ಒಬ್ಬ ತೀರಿಕೊಂಡಿದ್ದಾನೆ. ಮಾಂತು ಅಂತ, ನಿಮ್ಮ ಕನ್ನಡದವನೇ. ಮನೆ ನಿಗಡಿಯಲ್ಲಿ. ಅವನದೊಂದು ಒಳ್ಳೆಯ ಫೋಟೋ ತಾ. ತಂದರೆ ಸುದ್ದಿ ನಿನ್ನ ಹೆಸರಲ್ಲೇ ಹೋಗುತ್ತದೆ." ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ತನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣಬಹುದೆಂದೇ ಯೋಚಿಸಿದ್ದಳು.

"ಮಾಂತು ಅವರ ಮನಿ ಇದೇ ಏನ್ರಿ?"

ಕನ್ನಡ ಕೇಳಿ ತಾಯಿ ಪಾರವ್ವನ ಮುಖ ಇನ್ನಷ್ಟು ಅರಳಿತು. "ಹೌದವಾ. ಡ್ಯೂಟಿಗೆ ಹೋಗ್ಯಾನ, ನಾಕಕ್ಕ ಬರ್ತಾನ. ಒಳಗ ಬಾ ತಂಗಿ. ಯಾವೂರವರು ನೀವು?"

"ಜಮಖಂಡಿ ಕಡೆಯವರ್ರಿ. ಪೇಪರಿನ ಆಫೀಸಿಂದ ಬಂದೀನ್ರಿ. ಮಾಂತು ಅವರದೊಂದು ಫೋಟೋ ಬೇಕಿತ್ತು." ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತು, ತಡೆಯುವ ಮೊದಲೇ ಹೊರಬಿದ್ದಿತ್ತು.

"ಪೇಪರಿನ್ಯಾಗ ಹಾಕ್ತೀರಿ? ಕಂಪನಿಯವರು ಅವಂಗ ಏನರ ಬಹುಮಾನ ಕೊಟ್ಟಾರೇನು?" ಪಾರವ್ವ ಒಲೆ ಸಣ್ಣ ಮಾಡಿ, ಕೈ ತೊಳೆದುಕೊಂಡು, ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಫೋಟೋಗಳನ್ನು ನೆಲದ ಮೇಲೆ ಹರಡಿದಳು. "ನನಗಂತೂ ಅವ ಏನೂ ಹೇಳಂಗಿಲ್ಲ. ಹೋದ ತಿಂಗಳ ಪರ್ಮನೆಂಟ್ ಆದದ್ದನ್ನೂ ಎರಡ ದಿನಾ ಬಿಟ್ಟು ಹೇಳ್ಯಾನ."

"ಮನ್ಯಾಗ ಮತ್ತ ಯಾರೂ ಇಲ್ಲೇನ್ರಿ?"

"ಅವರಪ್ಪ ಅಂಗಡಿಗೆ ಹೋಗ್ಯಾರ. ಮುಂಜಾನಿಂದ ಫೋನ್ ಹಚ್ಚಾಕತ್ತೀನಿ, ಎತ್ತವಲ್ರು."

ಅಪ್ಪನಿಗೆ ಸುದ್ದಿ ಮುಟ್ಟಿದೆ, ಅವರು ಆಸ್ಪತ್ರೆಯಲ್ಲಿದ್ದಾರೆ ಎಂದು ಶೀತಲ್ ಊಹಿಸಿದಳು. ಅಷ್ಟರಲ್ಲಿ ಅವಳ ಮೊಬೈಲ್ ಸದ್ದು ಮಾಡಿತು. ಹೊರಗೆ ಮೆಟ್ಟಿಲ ಬಳಿ ಬಂದು, "ಸರ್, ಅವರ ತಾಯಿಗೆ ಇನ್ನೂ ಗೊತ್ತಿಲ್ಲ" ಎಂದಳು.

ಫೋನ್ ಮಾಡಿದ್ದ ಸ್ವಪ್ನಿಲ್ ಕೇಳಿದ. "ಫೋಟೋ ಇದೆಯಾ?"

"ಎಲ್ಲ ಹರಡಿ ಕೂತಿದ್ದಾರೆ."

"ಹಾಗಾದರೆ ಮೊಬೈಲಿನಲ್ಲಿ ಒಂದು ತೆಗೆದುಕೊಂಡು ಹೊರಡು. ಹೇಳಬೇಕಾದವರು ಬಂದು ಹೇಳುತ್ತಾರೆ. ಅದು ನಮ್ಮ ಕೆಲಸವಲ್ಲ."

ಒಳಗೆ ಬಂದರೆ ಪಾರವ್ವ ಆಗಲೇ ಒಂದನ್ನು ಆರಿಸಿಟ್ಟಿದ್ದಳು. ಹೊಸ ಬೈಕಿನ ಪಕ್ಕ ನಿಂತ ಮಾಂತು. ಬೆಳಕು ಬೀಳಲಿ ಎಂದು ಅದನ್ನು ತಾನೇ ಕಿಟಕಿಯ ಕಡೆ ಎತ್ತಿ ಹಿಡಿದಳು. ಶೀತಲ್ ಮೊಬೈಲ್ ಎತ್ತಿದಳು. ಪರದೆಯ ಮೇಲೆ ಮಾಂತುವಿನ ಜೊತೆ ಅವನ ಅವ್ವನ ಹೆಬ್ಬೆರಳೂ ಕಾಣುತ್ತಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಅವಳ ಕೈ ಕೆಳಗಿಳಿಯಿತು.

"ಯಾಕವಾ, ಚಲೋ ಬರವಲ್ದೇನು?" ಎಂದ ಪಾರವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು. "ಬಹುಮಾನ ಕೊಟ್ಟಿದ್ರ ಕಂಪನಿಯವರ ಹಂತ್ಯಾಕನ ಫೋಟೋ ಇರತಿತ್ತಲ್ಲ. ನೀ ಮನೀತನಕ ಯಾಕ ಬಂದಿ?"

ಶೀತಲ್ ನೆಲದ ಮೇಲೆ ಅವಳ ಎದುರು ಕುಳಿತಳು. "ಮುಂಜಾನೆ ಫ್ಯಾಕ್ಟರಿಯೊಳಗ ಅಪಘಾತ ಆಗ್ಯದ್ರಿ."

"ಭಾಳ ಪೆಟ್ಟಾಗ್ಯದೇನು?"

ಹೌದು ಎಂದುಬಿಡುವುದು ಸುಲಭವಿತ್ತು. ಶೀತಲ್ ಅವಳ ಎರಡೂ ಕೈ ಹಿಡಿದುಕೊಂಡಳು. "ಇಲ್ರಿ, ಅವ್ವಾ. ಮಾಂತು ಉಳೀಲಿಲ್ರಿ."

ಪಾರವ್ವ ಚೀರಲಿಲ್ಲ. "ಇಲ್ಲ, ಡಬ್ಬಿ ಒಯ್ದಾನ" ಎಂದಳು. "ನಾನ ಕಟ್ಟಿ ಕೊಟ್ಟೀನಿ." ಎರಡು ಸಲ ಅದನ್ನೇ ಹೇಳಿದಳು. ಆಮೇಲೆ ಶೀತಲ್‌ಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವಳು ಬಿಡಲೇ ಇಲ್ಲ. ಹೊಗೆ ಕಂಡು ಪಕ್ಕದ ಮನೆಯಾಕೆ ಓಡಿಬಂದು, ಸೀದ ರೊಟ್ಟಿ ತೆಗೆದು ಒಲೆ ಆರಿಸಿದಳು. ಮೊಬೈಲ್ ಮತ್ತೆ ಮತ್ತೆ ಬಡಿದುಕೊಂಡಿತು. ಶೀತಲ್ ಅದನ್ನು ನೋಡಲಿಲ್ಲ. ಒಂದೂವರೆಗೆ ಮಾಂತುವಿನ ಅಪ್ಪ ಮುರುಗೆಪ್ಪ ಇಬ್ಬರು ನೆಂಟರ ಜೊತೆ ಬಂದ. ಹೆಂಡತಿಗೆ ಹೇಗೆ ಹೇಳಬೇಕೆಂದು ಮೂರು ತಾಸು ಆಸ್ಪತ್ರೆಯಲ್ಲೇ ಕೂತಿದ್ದ ಆ ಮನುಷ್ಯ, ಹೇಳಬೇಕಾಗಿಲ್ಲವೆಂದು ತಿಳಿದು ಹೊಸ್ತಿಲಲ್ಲೇ ಕುಸಿದ. ಪಾರವ್ವ ಶೀತಲ್‌ಳ ಕೈ ಬಿಟ್ಟು ಎದ್ದು ಅವನ ಕಡೆ ನಡೆದಳು.

ಕಚೇರಿಗೆ ಬಂದಾಗ ಸ್ವಪ್ನಿಲ್ ಸುದ್ದಿ ಬರೆಯುತ್ತಿದ್ದ. ಬೇರೊಂದು ಪತ್ರಿಕೆಯ ವೆಬ್‌ಸೈಟಿನಲ್ಲಿ ಮಾಂತುವಿನ ಫೋಟೋ ಆಗಲೇ ಬಂದಿತ್ತು.

"ಸರ್, ಫೋಟೋ ತರಲಿಲ್ಲ" ಎಂದಳು ಶೀತಲ್. "ತಾಯಿಗೆ ನಾನೇ ಹೇಳಬೇಕಾಯಿತು." ನಾಳೆಯಿಂದ ಬರಬೇಡ ಎಂಬ ಮಾತಿಗೆ ಅವಳು ಸಿದ್ಧಳಾಗಿ ನಿಂತಿದ್ದಳು.

ಸ್ವಪ್ನಿಲ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ. "ಇಷ್ಟು ಹೊತ್ತು ಏನು ಮಾಡುತ್ತಿದ್ದೆ?"

"ಏನಿಲ್ಲ ಸರ್. ಅವರ ಹತ್ತಿರ ಕೂತಿದ್ದೆ."

ಕೀಬೋರ್ಡಿನ ಮೇಲಿದ್ದ ಅವನ ಕೈ ನಿಂತಿತು.

"ಹದಿನಾಲ್ಕು ವರ್ಷದಲ್ಲಿ ಇಂಥ ಎಷ್ಟೋ ಮನೆಗಳಿಗೆ ಹೋಗಿದ್ದೇನೆ" ಎಂದ. "ಒಂದರಲ್ಲೂ ಕೂತಿಲ್ಲ."