ಕೊನೆಯ ಹುಣಸೆ ಬೀಜ

ಮುನ್ನೀ ಬೀ ಕಣ್ಣು ಹೊಡೆದಳು. ಹೊಡೆದದ್ದು ವೀರಭದ್ರಮ್ಮನಿಗೆ, ಕಂಡದ್ದು ಮಹಾಂತಮ್ಮನಿಗೆ.

ಅಂದರೆ ಇವರಿಬ್ಬರೂ ಒಳಗೊಳಗೇ ಒಂದಾಗಿದ್ದಾರೆ! ಮಹಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇಂದು ಒಂದು ಹೆಜ್ಜೆ ತಪ್ಪಿದರೆ ಮುಂದೆ ಪ್ರತಿ ಭಾನುವಾರ ಅಳಬೇಕಾದೀತು.

ಮಾನ್ವಿಯ ಆ ಓಣಿಯ ಮೂರು ಮನೆಯವರು ಕೂಡಿ ಕೊಂಡ ಟಿವಿ ಬೆಳಿಗ್ಗೆ ತಾನೇ ರಾಯಚೂರಿನಿಂದ ಬಸ್ಸಿನಲ್ಲಿ ಬಂದಿಳಿದಿತ್ತು. ಓಣಿಗೇ ಮೊದಲ ಟಿವಿ. ಯಾರ ಮನೆಯಲ್ಲಿ ಇಡುವುದೆಂದು ಗಂಡಂದಿರು ಗಂಟಲು ಹರಿದುಕೊಂಡು, ಕೊನೆಗೆ ಹೆಂಡತಿಯರನ್ನು ಆಟಕ್ಕೆ ಕೂರಿಸಿದ್ದರು. ನಡುವೆ ಹುಣಸೆ ಬೀಜದ ಗುಡ್ಡೆ. ಸರದಿ ಬಂದವಳು ಒಂದೋ ಎರಡೋ ತೆಗೆಯಲೇಬೇಕು. ಕೊನೆಯ ಬೀಜ ತೆಗೆದವಳ ಮನೆಗೆ ಟಿವಿ.

ದೇವದುರ್ಗದಲ್ಲಿ ಅಕ್ಕನ ಮನೆಗೆ ಟಿವಿ ಬಂದದ್ದನ್ನು ಮಹಾಂತಮ್ಮ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಅವಳಿಗೆ ಅದೇ ಧ್ಯಾನ. ಅತ್ತೆ ಬಸವಂತಮ್ಮನಂತೂ ಆಗಲೇ ಮೇಜು ಒರೆಸಿಟ್ಟು ಬಂದಿದ್ದಳು.

"ಲೇ ಮಾಂತಿ, ಟಿವಿ ಇಲ್ದ ಮನಿಗಿ ಬಂದೀ ಅಂದ್ರ ನೋಡು!"

"ಆಡಾಕತ್ತೀನಲ್ಲ ಅತ್ತೀ, ಸುಮ್ಕಿರ್ರಿ."

ನಾಲ್ಕು ಬೀಜ ಉಳಿದವು. ಸರದಿ ಮಹಾಂತಮ್ಮನದು. ಆಮೇಲೆ ಮುನ್ನೀ ಬೀ, ಆಮೇಲೆ ವೀರಭದ್ರಮ್ಮ.

ಎಲೆ ಅಡಿಕೆ ಕೊಡುವ ನೆಪದಲ್ಲಿ ಮುನ್ನೀ ಬೀ ಬಾಗಿದಳು. "ಮಾಂತಕ್ಕ, ಒಂದ ತಗಿ. ನಾನೂ ಒಂದ ತಗೀತೀನಿ. ಉಳಿದ ಎರಡರಾಗ ಆಕಿ ಕೈಲೂ ಒಂದ ತಗಸ್ತೀನಿ, ಕಡೀದು ನಿಂದೇ. ಖುದಾ ಕಸಂ."

ಲೆಕ್ಕ ಸರಿಯಾಗಿತ್ತು. ಆದರೆ ಕಣ್ಣು ಹೊಡೆದವಳ ಬಾಯಲ್ಲಿ ಇಷ್ಟು ಜೇನೇಕೆ? ಮಹಾಂತಮ್ಮನಿಗೆ ನಗು ಉಕ್ಕಿ ಬಂತು. ಎಲೆಯ ಜೊತೆ ಅದನ್ನೂ ಅಗಿದಳು. ಎರಡು ಬೀಜ ತೆಗೆದಳು.

"ಅಯ್ಯ, ನಿನ್ನ ಕೈ ಸೇದಿ ಹೋಗ್ಲಿ!" ಬಸವಂತಮ್ಮ ಹಣೆ ಬಡಿದುಕೊಂಡಳು.

ಮುನ್ನೀ ಬೀ ಒಂದು ಗಳಿಗೆ ಪೆಚ್ಚಾದಳು. ಮರುಗಳಿಗೆ ಒಂದೇ ಒಂದು ತೆಗೆದಳು. ಉಳಿದದ್ದು ಒಂದೇ. ವೀರಭದ್ರಮ್ಮ ಅದನ್ನು ದಿಟ್ಟಿಸುತ್ತ ಕುಳಿತೇ ಇದ್ದಳು. ಸಂತೋಷಕ್ಕೆ ಕೈಕಾಲು ಆಡುತ್ತಿಲ್ಲ ಎಂದುಕೊಂಡಿತು ಓಣಿ. ಕೊನೆಗೆ ಗಂಡ ಶರಣಯ್ಯನೇ ಅವಳ ಕೈ ಹಿಡಿದು ಬೀಜ ಎತ್ತಿಸಿ ಕುಣಿದಾಡಿದ.

ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು. ಮಹಾಂತಮ್ಮ ಅದನ್ನೂ ತಾಳಿಕೊಂಡಳು.

ಭಾನುವಾರ ಸಂಜೆ ಸಿನಿಮಾ. ಅತ್ತೆ, ಗಂಡ, ಐದು ಮಕ್ಕಳು, ಇಡೀ ಓಣಿ ವೀರಭದ್ರಮ್ಮನ ಮನೆಗೆ ನುಗ್ಗಿತು. ಮಹಾಂತಮ್ಮನ ಬಾಗಿಲು ಸರಿಸಿ ಮುನ್ನೀ ಬೀ ಮೆಲ್ಲಗೆ ಒಳಗೆ ಬಂದಳು.

"ಆ ಟಿವಿ ಪೀಡಾ ನಿನ್ನ ಕೊರಳಿಗೇ ಕಟ್ಟೂಣಂತ ನಾವಿಬ್ರೂ ಮಾತಾಡ್ಕೊಂಡಿದ್ವಿ. ಹ್ಯಾಂಗ ಗೊತ್ತಾತಕ್ಕ?"

"ದೇವದುರ್ಗಕ್ಕ ಹೋಗಿ ನಮ್ಮಕ್ಕನ್ನ ಕೇಳು."

ಖಾಲಿ ಮನೆಯಲ್ಲಿ ಇಬ್ಬರೂ ಕಾಲು ಚಾಚಿ ನಕ್ಕರು. ಗೋಡೆಯಾಚೆ ವೀರಭದ್ರಮ್ಮ ನಲವತ್ತನೆಯ ಲೋಟಕ್ಕೆ ಚಹಾ ಸೋಸುತ್ತಿದ್ದಳು.